ಅರವತ್ತೆಂಟು ಸೆಂಟಿಮೀಟರು

ನಮ್ಮ ಲಿಫ್ಟಿನ ಬಾಗಿಲು ಅರವತ್ತೆಂಟು ಸೆಂಟಿಮೀಟರು.
ಮೂರು ಸಲ ಅಳೆದೆ,
ಎಂಟು ತಿಂಗಳ ಹೊಟ್ಟೆಯನ್ನು ಪಕ್ಕಕ್ಕೆ ವಾಲಿಸಿಕೊಂಡು.
ಮೂರನೆಯ ಸಲಕ್ಕೂ ಅದು ಬೆಳೆದಿರಲಿಲ್ಲ.

ಅಂಗಡಿಯ ಜೋಡಿಗಾಡಿ ಎಪ್ಪತ್ತಾರು.
ಅಕ್ಕಪಕ್ಕ ಎರಡು ಸೀಟು, ಇಬ್ಬರು ಮಂತ್ರಿಗಳು
ಒಂದೇ ಕಾರಲ್ಲಿ ಹೊರಟ ಠೀವಿ.
ಈ ಕಟ್ಟಡ ಕಟ್ಟಿದವನ ಲೆಕ್ಕದಲ್ಲಿ
ಎರಡನೆಯ ಮಗು ಇರಲಿಲ್ಲ.

ಇನ್ನೊಂದು, ಹಿಂದೊಂದು ಮುಂದೊಂದು ಸೀಟಿನದು,
ಸರಕು ರೈಲಿನಷ್ಟು ಉದ್ದ.
ಕೆಳಸೀಟಿನೊಳಗೆ ತಲೆ ತುರುಕಿ ನೋಡಿದ ತೂರೆ,
ಮೂರೂವರೆ ವರ್ಷದ ನನ್ನ ಮಗ,
"ಇದು ನಾಯಿಗೂಡು" ಅಂದ. ಬೊಗಳಿಯೂ ತೋರಿಸಿದ.

ಮೂರನೇ ಮಹಡಿಯ ಹಿಲ್ಕಾ ಅಜ್ಜಿ ಮೆಟ್ಟಿಲ ಮೇಲೆ ನಿಂತು
ಸಲಹೆ ಕೊಟ್ಟರು, ಯಾರೂ ಕೇಳದೆ:
"ನಾನು ಹೆತ್ತದ್ದು ನಾಲ್ಕು, ಗಾಡಿ ಒಂದು.
ಉಳಿದವಕ್ಕೆ ದೇವರು ಕಾಲು ಕೊಟ್ಟಿದ್ದ."

ಕಡೆಗೆ ಯಲ್ಮಾರಿ ಹಳೇ ಸಾಮಾನಿನ ಸಂತೆಯಿಂದ ತಂದ
ಎಂಟು ಯೂರೋದ ಹಲಗೆ.
ಗಾಡಿಯ ಬೆನ್ನಿಗೆ ಸಿಕ್ಕಿಸುವುದು, ಎರಡು ಪುಟ್ಟ ಚಕ್ರ,
ಮೇಲೆ ಯಾರದೋ ಮಗು ಅಂಟಿಸಿ ಬಿಟ್ಟುಹೋದ
ಅರ್ಧ ಡೈನೋಸಾರು.
ದೊಡ್ಡದು ನಿಲ್ಲಬೇಕು, ಚಿಕ್ಕದು ಮಲಗಬೇಕು,
ನಾನು ಬಾತುಕೋಳಿಯ ಹಾಗೆ ಕಾಲಗಲಿಸಿ ನಡೆಯಬೇಕು,
ಹಾಗಂತ ಒಪ್ಪಂದ.

ನವೆಂಬರಿನಲ್ಲಿ ಬಂದಳು.
ಹೆಸರಿನ್ನೂ ಇಟ್ಟಿಲ್ಲ; ಪಾದ್ರಿ ತಲೆಗೆ ನೀರು ಹಾಕುವ ತನಕ
ನಮ್ಮ ಮನೆಯಲ್ಲಿ ಹೆಸರು ಬಾಯಿಬಿಡುವುದಿಲ್ಲ.
ತೂರೆ ಅವಳನ್ನು "ಅದು" ಅಂದ.
"ಅದು ನನ್ನ ಜಾಗದಲ್ಲಿ ಉಚ್ಚೆ ಹೊಯ್ದಿದೆ."
ಹಲಗೆ ಹತ್ತಲಿಲ್ಲ. ಹತ್ತಿದರೆ ಒಂದು ಕಾಲು ಕೆಳಗೆ ಎಳೆದ, ಬ್ರೇಕಿನಂತೆ.
ಕಲ್ಲಿಯೊ ಗುಡ್ಡದ ಏರಿನಲ್ಲಿ, ಹೆಸರಿಗೆ ತಕ್ಕ ಬಂಡೆ ಅದು,
ಅಂಗಾತ ಮಲಗಿಬಿಟ್ಟ, ಹೊಸ ಹಿಮದ ಮೇಲೆ.
ಜನ ಸುತ್ತು ಬಳಸಿ ದಾಟಿದರು, ಯಾರೂ ಏನೂ ಅನ್ನಲಿಲ್ಲ.
ಅನ್ನದಿರುವುದು ಹೆಲ್ಸಿಂಕಿಯ ಮರ್ಯಾದೆ.

ನಾನಂದುಕೊಂಡಿದ್ದೆ: ಸೀಟು ಹೋದ ಸಿಟ್ಟು.

ಟ್ರಾಮಿನಲ್ಲಿ ಗೊತ್ತಾಯಿತು.
ಮಗುವಿನ ಗಾಡಿ ತಳ್ಳುವವರಿಗೆ ಇಲ್ಲಿ ಟಿಕೆಟಿಲ್ಲ.
ಮೂರು ವರ್ಷ ಅವನಿಗೆ ಹೇಳುತ್ತ ಬಂದಿದ್ದೆ,
ನಡುಬಾಗಿಲು ತೆರೆದಾಗಲೆಲ್ಲ, ಮೂಗು ಹಿಂಡಿ:
"ನೀನೇ ಕಣೋ ನನ್ನ ಟಿಕೆಟ್ಟು."
ಆಟದ ಮಾತು. ನಾನು ಮರೆತೂ ಇದ್ದೆ.
ಹಾಕನಿಯೆಮಿ ದಾಟುವಾಗ ಕಿಟಕಿಗೆ ಹೇಳಿದ, ನನಗಲ್ಲ:
"ಈಗ ಅದೇ ಟಿಕೆಟ್ಟು."

ಮೂರು ವರ್ಷದ ನೌಕರಿ.
ನೋಟೀಸೂ ಕೊಡದೆ ತೆಗೆದುಹಾಕಿದ್ದೆ.

ಮುಂದಿನ ನಿಲ್ದಾಣದಲ್ಲಿ ಇಳಿದೆವು, ನಮ್ಮದಲ್ಲದ ನಿಲ್ದಾಣ.
ಗಾಳಿ ಸಮುದ್ರದ ಕಡೆಯದು.
ಅವಳನ್ನೆತ್ತಿ ಕೋಟಿನೊಳಗೆ ಹಾಕಿ ಜಿಪ್ಪು ಎಳೆದೆ;
ಅಕ್ಟೋಬರಿನ ಆಕಾರ ಮತ್ತೆ ಬಂತು.
ಅವನನ್ನು ಗಾಡಿಯಲ್ಲಿ ಕೂರಿಸಿದೆ. ಹಿಡಿಸಲಿಲ್ಲ,
ಮೊಣಕಾಲು ಗದ್ದಕ್ಕೆ, ಬೂಟು ಹೊರಕ್ಕೆ,
ಇನ್ನೂ ಬೆಚ್ಚಗಿದ್ದ ಅವಳ ಕಂಬಳಿ ಅವನ ಕೆಳಗೆ ಮುದ್ದೆ.
ಹಲಗೆ ಖಾಲಿ, ಹಿಂದೆ ಗಡಗಡ,
ಡೈನೋಸಾರಿಗೊಂದೇ ಸವಾರಿ.

ಇನ್ನೊಂದು ಟ್ರಾಮು ಬಂತು. ನಡುಬಾಗಿಲು ತೆರೆಯಿತು.
ಅವನು ಕತ್ತು ಹೊರಳಿಸಿ ನನ್ನ ಉಬ್ಬಿದ ಕೋಟನ್ನು ನೋಡಿದ.
"ಇವತ್ತು ಯಾರು?"
"ನೀನು."

ಎರಡು ನಿಲ್ದಾಣ ಗತ್ತಿನಿಂದ ಕೂತ.
ಮೂರನೆಯದರಲ್ಲಿ ಕಾಲು ಜೋಮು ಹಿಡಿಯಿತು ಅಂತ
ತಾನೇ ಇಳಿದು ಹಲಗೆ ಹತ್ತಿದ, ನನ್ನ ತೋಳುಗಳ ನಡುವೆ.
ಗಾಡಿಯಲ್ಲಿ ಯಾರೂ ಇಲ್ಲ. ಯಾರೂ ಕೇಳಲೂ ಇಲ್ಲ.
ಸೀಟಿನಲ್ಲಿದ್ದಷ್ಟು ಕಾಲ ನನಗೆ ಕಂಡದ್ದು
ಟೋಪಿಯ ಗೊಂಡೆ ಒಂದೇ. ಈಗ ಅದರ ಉಣ್ಣೆ
ಗದ್ದಕ್ಕೆ ಚುಚ್ಚುತ್ತಿತ್ತು, ಕಿವಿಯ ಹಿಂದಿನಿಂದ
ರೈ ಬ್ರೆಡ್ಡಿನ ವಾಸನೆ.

ಹಲಗೆ ಸಮೇತ ಗಾಡಿ ಲಿಫ್ಟಿನೊಳಗೆ ಹಿಡಿಯುವುದಿಲ್ಲ,
ಅದನ್ನು ಮಾತ್ರ ನಾನು ಅಳೆದಿರಲಿಲ್ಲ.
ಬಿಚ್ಚಿ ಕೊಟ್ಟೆ. ದರದರ ಎಳೆಯುತ್ತ ತೂರೆ
ಮೆಟ್ಟಿಲಲ್ಲಿ ಹೊರಟ, ನಾಲ್ಕು ಮಹಡಿ.
ಲಿಫ್ಟಿನ ಜಾಲರಿಯಾಚೆ ಪ್ರತಿ ತಿರುವಿನಲ್ಲೂ ಅವನ ಬೂಟು,
ಒಮ್ಮೆ ನಮಗಿಂತ ಕೆಳಗೆ,
ಒಮ್ಮೆ ಮೇಲೆ.