ಕಾಲು ಸುತ್ತು

ಅಪ್ಪನ ಕೈಗೆ ಒಂದು ಚಾಳಿ:
ಬಿಗಿಯಾದ ಮೇಲೂ ಕಾಲು ಸುತ್ತು.
ಬಾಸ್ಕ್ ಬೆಟ್ಟಗಳ ಸಂದಿಯ ಈ ಎಯ್ಬಾರ್ ಊರಲ್ಲಿ
ನಲವತ್ತು ವರ್ಷ ಹೊಲಿಗೆಯಂತ್ರಕ್ಕೆ ಕಾಲು ಕೂರಿಸಿದವನು,
ಉಕ್ಕಿನ ಜೊತೆ ಮಾತಾಡಿ ಪಳಗಿದವನು.
ಉಕ್ಕು ಹೇಳುತ್ತದೆ, ಅನ್ನುತ್ತಾನೆ.
ಮೊದಲು ಗೊಣಗುತ್ತದೆ, ಆಮೇಲೆ ಮುಲುಗುತ್ತದೆ,
ತಾಳದಾದಾಗ ಬಾಗುತ್ತದೆ.
ಮುರಿಯುವುದು ಕೊನೆಗೆ, ಎಲ್ಲ ಹೇಳಿ ಮುಗಿಸಿದ ಮೇಲೆ.

ಕಾರ್ಬನ್ ಹಾಗಲ್ಲ.
ಹಿಂಡಿದರೆ ಹಿಂಡಿಸಿಕೊಳ್ಳುತ್ತದೆ.
ಮೇಲಿನ ಬಣ್ಣ ಹಾಗೇ ನಗುತ್ತಿರುತ್ತದೆ,
ಒಳಗೆ ಒಂದು ಪದರ ಇನ್ನೊಂದರ ಕೈ ಬಿಡುತ್ತದೆ.
ತಿಂಗಳು ಬಿಟ್ಟು, ಯಾವುದೋ ಇಳಿಜಾರಿನ ತಿರುವಿನಲ್ಲಿ
ಒಮ್ಮೆಗೇ ಹೇಳುತ್ತದೆ.

ನನ್ನ ಅಂಗಡಿ ದೊಡ್ಡದೇನಲ್ಲ.
ಬೆಟ್ಟಕ್ಕೆ ಒತ್ತಿಕೊಂಡ ಆರು ಮಹಡಿಯ ಕಟ್ಟಡದ ತಳದಲ್ಲಿ
ಒಂದು ಶಟರು, ಎರಡು ಸ್ಟ್ಯಾಂಡು, ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು.
ಸಂಜೆ ಅಪ್ಪ ಬರುತ್ತಾನೆ, ಟೊಪ್ಪಿ ತೆಗೆಯುವುದಿಲ್ಲ,
ಸ್ಟೂಲಿನ ಮೇಲೆ ಕೂತು ನನ್ನ ಕೈ ನೋಡುತ್ತಾನೆ.

ಆ ಗುರುವಾರ ಉರ್ಕೋ ಬಂದ,
ಹದಿನೇಳರ ಹುಡುಗ, ಭಾನುವಾರ ರೇಸು.
ಸೀಟಿನ ಕಂಬ ಜಾರುತ್ತಿದೆ, ಇನ್ನೂ ಬಿಗಿ ಮಾಡು, ಅಂದ.
ಬಿಗಿ ಮಾಡಲಿಲ್ಲ. ಕಂಬ ಹೊರಗೆಳೆದೆ,
ಯಾರೋ ಹಚ್ಚಿದ್ದ ಗ್ರೀಸನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ,
ಮರಳುಮರಳಾದ ಪೇಸ್ಟನ್ನು ಬೆರಳಲ್ಲಿ ಸವರಿದೆ.
ಎರಡು ನುಣುಪುಗಳ ನಡುವೆ ಚೂರು ಒರಟು ಬೇಕು, ಹಿಡಿಯಲಿಕ್ಕೆ.
ಚೌಕಟ್ಟಿನ ಮೇಲೆ ಇರುವೆಯಂಥ ಅಕ್ಷರದಲ್ಲಿ ಬರೆದಿದೆ:
ಐದು ನ್ಯೂಟನ್ ಮೀಟರ್.
ರೆಂಚಿಗೆ ಐದು ಹೇಳಿದೆ, ತಿರುಗಿಸಿದೆ,
ಟಕ್ ಅಂತು.
ನಿಲ್ಲಿಸಿದೆ.

"ಅಷ್ಟೇನಾ, ನಾಗೋರೆ?" ಅಂದ ಅಪ್ಪ.

ರಾತ್ರಿ ನಾನು ಮೇಲೆ ಹೋಗಿ ಕಾಳಿನ ಸಾರು ಬಿಸಿಗಿಟ್ಟಾಗ
ಅವನು ಕೆಳಗೇ ಉಳಿದ.
ಒಳ್ಳೆಯ ಮನಸ್ಸಿನಿಂದಲೇ.
ಹುಡುಗ ಬೀಳಬಾರದು ಅಂತಲೇ.
ಗೋಡೆಯ ಮೊಳೆಯಿಂದ ಹಳೇ ಕೀಲಿ ತೆಗೆದು
ಕಾಲು ಸುತ್ತು.
ಮತ್ತೆ, ಕೈ ತನ್ನ ಪಾಡಿಗೆ ತಾನು, ಇನ್ನೊಂದು ಕಾಲು.

ಬೆಳಿಗ್ಗೆ ಬೋಲ್ಟಿನ ತಲೆಯ ಮೇಲೆ ನಾನೆಳೆದಿದ್ದ ಬಿಳಿ ಗೆರೆ
ಗಡಿಯಾರದ ಮುಳ್ಳಿನ ಹಾಗೆ ಬೇರೆ ಹೊತ್ತು ತೋರಿಸುತ್ತಿತ್ತು.
ಸಡಿಲಿಸಿ ಕಂಬ ತೆಗೆದೆ. ಕಣ್ಣಿಗೆ ಏನೂ ಇಲ್ಲ.
ಜೇಬಿನಿಂದ ಐವತ್ತು ಸೆಂಟಿನ ನಾಣ್ಯ ತೆಗೆದು
ಮೇಲಿಂದ ಕೆಳಗೆ ತಟ್ಟುತ್ತ ಬಂದೆ,
ಮಡಕೆ ಕೊಳ್ಳುವವರು ತಟ್ಟಿ ನೋಡುವ ಹಾಗೆ:
ಟಿಣ್, ಟಿಣ್, ಟಿಣ್,
ಕ್ಲ್ಯಾಂಪು ಕಚ್ಚಿದ್ದ ಜಾಗದಲ್ಲಿ
ದೊಬ್.

ಕಿವಿಯ ತಪ್ಪಿರಲಿ ಅಂತ ಬೇಡಿಕೊಂಡು ಮತ್ತೆ ತಟ್ಟಿದೆ.
ದೊಬ್.
ಚೌಕಟ್ಟನ್ನೂ ತಟ್ಟಿದೆ. ಅದು ಉಳಿದಿತ್ತು.

ಉರ್ಕೋಗೆ ಫೋನು ಮಾಡಿ ಇದ್ದದ್ದು ಹೇಳಿದೆ,
ಅಪ್ಪನ ಹೆಸರೊಂದು ಬಿಟ್ಟು. ಅಂಗಡಿಯ ತಪ್ಪು, ಅಂದೆ.
ಹೊಸ ಕಂಬದ ದುಡ್ಡು ನನ್ನ ತಲೆಗೆ.
ಭಾನುವಾರ ಅವನು ಮೂವತ್ತೊಂದನೆಯವನಾಗಿ ಬಂದ,
ಇಡೀ ದಿನ ಮಳೆಯನ್ನೂ ತನ್ನ ಕಾಲನ್ನೂ ಬೈದ,
ಸೀಟು ಜಾರಲಿಲ್ಲ ಅನ್ನುವುದನ್ನು ಮಾತ್ರ ಮರೆತ.

ಒಡಕು ಕಂಬ ಕಪಾಟಿನ ಮೇಲಿದೆ.
ಅಪ್ಪನಿಗೆ ನಾನೇನೂ ಅನ್ನಲಿಲ್ಲ, ನಾಣ್ಯ ಕೊಟ್ಟೆ.
ತಟ್ಟಿದ. ಬಹಳ ಹೊತ್ತು ತಟ್ಟಿದ.
ಕಾರ್ಖಾನೆ ತಿಂದ ಕಿವಿ; ಬೆರಳಿಗೆ ಕೇಳಿಸಿರಬೇಕು.
"ನನಗೆ ಹೇಳಲೇ ಇಲ್ಲವಲ್ಲ," ಅಂದ,
ನನ್ನನ್ನು ಕುರಿತೋ, ಕಂಬವನ್ನು ಕುರಿತೋ.

ಈಗ ಹ್ಯಾಂಡಲಿನ ನಾಲ್ಕು ಬೋಲ್ಟು ಅವನ ಪಾಲು.
ಒಂದನ್ನೇ ಪೂರ್ತಿ ಬಿಗಿಯುವಂತಿಲ್ಲ. ಎಡ ಮೇಲಿನದು, ಬಲ ಕೆಳಗಿನದು,
ಬಲ ಮೇಲಿನದು, ಎಡ ಕೆಳಗಿನದು, ತುಸು ತುಸು,
ಮುನಿಸಿಕೊಂಡ ನಾಲ್ಕು ಮಕ್ಕಳಿಗೆ ತುತ್ತು ಹಂಚುವ ಹಾಗೆ.
ಟಕ್.
ಸದ್ದು ಅವನಿಗೆ ಮುಟ್ಟುವುದಿಲ್ಲ; ಹಿಡಿಯ ಸಣ್ಣ ಅದುರು
ಅಂಗೈಗೆ ಬಂದಾಗ ನಿಲ್ಲುತ್ತಾನೆ.
ನಿಂತ ಕೈ ಅಲ್ಲೇ ಇರುತ್ತದೆ, ಗಾಳಿಯಲ್ಲಿ,
ಆ ಕಾಲು ಸುತ್ತನ್ನು ಎಲ್ಲಿಡಬೇಕೋ ತಿಳಿಯದೆ.