ಇಪ್ಪತ್ತಮೂರನೇ ನಡೆ

ಸೈನ್‌ಶಾಂಡಿನ ಶಾಲೆ. ವಾಲಿಬಾಲ್ ಆಡುವ ಹಾಲು.
ಗೆರೆಗಳ ಮೇಲೆಯೇ ಮೇಜು ಹಾಕಿದ್ದರು.
ಮೂರನೆಯದು ನಮ್ಮದು. ಚೀಟಿಯಲ್ಲಿ ಹೀಗಿತ್ತು:
ತೆಮೂಲೆನ್, ಎರಡು ಸಾವಿರದ ಮುನ್ನೂರ ಎಂಬತ್ತೆಂಟು.
ಗೊಂಚಿಗ್, ಸಾವಿರದ ಐನೂರ ನಲವತ್ತು.
ಗೊಂಚಿಗ್ ಅಂದರೆ ನಾನು.
ನಡುವಿನ ಅಂತರ ಲೆಕ್ಕ ಹಾಕಲು ಹೋಗಿ
ಕೋಟಿನ ಗುಂಡಿ ತಪ್ಪು ತೂತಿಗೆ ಸಿಕ್ಕಿಸಿಕೊಂಡೆ.

ಹುಡುಗನಿಗೆ ಇಪ್ಪತ್ತೆರಡಿರಬಹುದು. ನೆಗಡಿ ಬೇರೆ.
ಮೂಗು ಒರೆಸಿಕೊಳ್ಳುತ್ತಲೇ ನನ್ನದೊಂದು ಕಾಲಾಳು ನುಂಗಿದ.
(ನಾವು ಅವಕ್ಕೆ ಹುಡುಗರು ಅನ್ನುತ್ತೇವೆ.
ಹೋದಾಗ ಚೂರು ಹೆಚ್ಚೇ ನೋಯುತ್ತದೆ.)

ಇಪ್ಪತ್ತಮೂರನೇ ನಡೆ.
ಅವನ ಒಂಟೆ ಬಂದು
ಸರಿಯಾಗಿ ನನ್ನ ಕುದುರೆಯ ಬಾಯಿಗೆ ನಿಂತಿತು.
ಹಿಂದೆ ಯಾರಿಲ್ಲ, ಕಾವಲಿಲ್ಲ,
ಹಗ್ಗ ಕಳಚಿಕೊಂಡು ಯಾರದೋ ಬಾಗಿಲಿಗೆ ಬಂದ ಹಾಗೆ.
ಅವನು ಗಡಿಯಾರ ಒತ್ತಿ, ಎದ್ದು, ಚಹಾಕ್ಕೆ ಹೋದ.

ಹತ್ತೊಂಬತ್ತು ನಿಮಿಷ ಆ ಒಂಟೆಯನ್ನೇ ನೋಡಿದೆ.
ಹೊಡೆದರೆ? ಹೊಡೆದರೆ ಆನೆ ಬಂದೀತು ಆ ಸಾಲಿಗೆ,
ಓರೆಯಿಂದ ಮಂತ್ರಿ,
ನಾಲ್ಕೇ ನಡೆಯಲ್ಲಿ ನನ್ನ ರಾಜ ಮೂಲೆಗೆ.
ಇಲ್ಲದ ಆನೆಗೆ ನಾನೇ ದಾರಿ ಕಡಿದುಕೊಟ್ಟೆ,
ಇಲ್ಲದ ಬಲೆಗೆ ಕೂತು ಗಂಟು ಹಾಕಿದೆ.
ಎಂಟುನೂರ ನಲವತ್ತೆಂಟು ಅಂಕ ಹೆಚ್ಚಿರುವವನು
ಒಂಟೆಯನ್ನು ಸುಮ್ಮನೆ ಮರೆತುಬಿಡುತ್ತಾನೆಯೇ?
ರಾಜನನ್ನು ಒಂದು ಮನೆ ಸರಿಸಿದೆ.

ಅವನು ಬಂದ. ಕೂತ. ಒಂಟೆಯನ್ನು ಹಿಂದಕ್ಕೆ ಕರೆದುಕೊಂಡ.
ಮುಂದಿನದರಲ್ಲಿ ಹೇಳುವಂಥದ್ದೇನಿಲ್ಲ.
ನಲವತ್ತೊಂದಕ್ಕೆ ಕೈ ಚಾಚಿದೆ.

ಆಮೇಲೆ ಹೊರಗೆ, ಕೋಟುಗಳ ಗೂಟದ ಹತ್ತಿರ, ಕೇಳಿದ:
'ಅಣ್ಣಾ, ಒಂಟೆ ಯಾಕೆ ಹೊಡೆಯಲಿಲ್ಲ?'
'ಇಟ್ಟವನು ನೀನಲ್ಲವೇ?' ಅಂದೆ.
ನಗಲಿಲ್ಲ ಅವನು.
'ಬೆರಳು ಬಿಟ್ಟ ಕೂಡಲೇ ಗೊತ್ತಾಯಿತು.
ನನ್ನ ಮುಖ ಕಂಡಿದ್ದರೆ ನಿಮಗೂ ಗೊತ್ತಾಗುತ್ತಿತ್ತು.
ಅದಕ್ಕೇ ಚಹಾ.
ಉಪ್ಪು ಹಾಕಿದ್ದರೋ ಇಲ್ಲವೋ, ಅದೂ ತಿಳಿಯಲಿಲ್ಲ.'

ಮೂವತ್ತೊಂದು ವರ್ಷದಿಂದ ಬೀಜಿಂಗ್ ಗಾಡಿಯ ಗಾಲಿ ತಟ್ಟುತ್ತಿದ್ದೇನೆ,
ಉದ್ದ ಹಿಡಿಯ ಸುತ್ತಿಗೆಯಲ್ಲಿ,
ಹಿಮದಲ್ಲೂ ಟೊಪ್ಪಿಯ ಕಿವಿ ಎತ್ತಿಕೊಂಡು.
ಗಟ್ಟಿ ಗಾಲಿ ಗಣ್ಣೆನ್ನುತ್ತದೆ, ಬಿರುಕಿನದು ಕೆಮ್ಮುತ್ತದೆ.
ಮಂತ್ರಿಯೇ ಕೂತ ಬೋಗಿಯಾದರೂ
ತಟ್ಟದೆ ಬಿಟ್ಟವನಲ್ಲ.

ನಾಳೆ ಹತ್ತಕ್ಕೆ ಎರಡನೇ ಸುತ್ತು.
ಒಂಬತ್ತು ವರ್ಷದ ಒಬ್ಬಳು, ಇನ್ನೂ ಅಂಕವೇ ಇಲ್ಲ.
ಚೀಟಿಯಲ್ಲಿ ಈ ಸಲ ನನ್ನ ಹೆಸರು ಮೇಲೆ.
ಚಹಾ ಎಲ್ಲಿ ಕೊಡುತ್ತಾರೆಂದು
ನೋಡಿಟ್ಟುಕೊಂಡಿದ್ದೇನೆ.