ಹದಿನಾಲ್ಕು ಇಂಚು

ಪುಣೆಯ ಕಸಬಾ ಪೇಟೆ, ತಾಂಬಟ್ ಆಳಿ.
ನಮ್ಮ ಮನಿ, ಕರಡೆಯವರ ಮನಿ, ನಡುವ ಒಂದಽ ಗ್ವಾಡಿ.
ವಕೀಲ ಶೇಂಡಗೆ ಕಾಗದದ ಮ್ಯಾಲೆ ಗೆರಿ ಎಳದು ಹೇಳಿದ:
ಹದಿನಾಲ್ಕು ಇಂಚು. ಏಳು ನಿಮ್ಮವು, ಏಳು ಅವರವು.

ನಾ ಗುಳೇದಗುಡ್ಡದ ಖಣ ಮಾರಾಂವ.
ಗಜಾ ಹಿಡದು ಅಳದು, ಬಟ್ಟಾ ಬೆರಳಷ್ಟು ಹೆಚ್ಚು ಬಿಟ್ಟು ಹರಿಯೂದು ಗೊತ್ತು.
ಗ್ವಾಡೀನ ಉದ್ದಕ ಹ್ಯಾಂಗ ಹರೀತೀರಿ, ಅಂದೆ.

"ಹರಿಯೂದಲ್ಲರಿ ಬರಗುಂಡಿಯವರಽ,
ಅವ ತನ್ನ ಏಳರೊಳಗ ಕೈ ಹಾಕಬಹುದು.
ಆದ್ರ ನಿಮ್ಮ ಏಳು ನಿಂತಿದ್ದು ಅವನ ಏಳಕ್ಕ ಒರಗಿ.
ಆ ಒರಗೂದು ನಿಮ್ಮ ಹಕ್ಕು."

ಒರಗೂದೂ ಒಂದು ಹಕ್ಕಂತ.
ನಲವತ್ತಾರು ವರ್ಷ ಒರಗೇವಿ,
ಯಾರನ್ನೂ ಕೇಳಿದ್ದಿಲ್ಲ.

ದತ್ತೋಬಾ ಇದ್ದಾಗ ಆ ಕಡೆ ಹಗಲೆಲ್ಲ ತಾಮ್ರ ಬಡಿಯೂ ಸಪ್ಪಳ.
ಸಪ್ಪಳ ನಿಂತ್ರ ನಮ್ಮ ಕೂಸು ಎಚ್ಚರಾಗತಿತ್ತು.
ಸೂಟಿ ದಿನ ನನ್ನ ಹೆಂಡ್ತಿ ಕುಟ್ಟಾಣಿ ಹಿಡದು
ತಾನಽ ಗ್ವಾಡಿ ಕುಟ್ಟಿ ಕುಟ್ಟಿ ಮಲಗಸ್ತಿದ್ಲು.
ಆ ಕಡಿಂದ ದತ್ತೋಬಾ ಎರಡು ಏಟು ತಿರಗಿ ಕೊಡತಿದ್ದ.

ಈಗ ಅವನ ಮಗ ವಿನಾಯಕ ಕಟ್ಟಸ್ಲಿಕ್ಕ ಹತ್ಯಾನ:
ನಾಕು ಅಂತಸ್ತು, ಕೆಳಗ ಪಾರ್ಕಿಂಗ್.
ಮಂಗಳವಾರ ಡ್ರಿಲ್ಲಿನ ಮೂತಿ
ನಮ್ಮ ಅಡಗಿಮನಿ ಮಾಡದೊಳಗ ಬಂದು ನಿಂತ್ತು,
ಕೊಬ್ಬರಿ ಎಣ್ಣಿ ಬಾಟ್ಲಿಗೆ ನಾಕು ಬೆರಳು ದೂರ.
ಅದು ಹಿಂದ ಸರದ ಮ್ಯಾಲೆ
ತೂತಿನಾಗ ಹಣಿಕಿದೆ:
ಬಟ್ಟಿ ಇಲ್ಲ, ಕುಲುಮಿ ಇಲ್ಲ,
ಒಂದು ಪಾವಲಿಯಷ್ಟು ಬಿಸಿಲು ನನ್ನ ಕಣ್ಣಿಗೆ ಹೊಡೀತು.

ಶೇಂಡಗೆ ಅಂದ: ಅರ್ಜಿ ಹಾಕೂಣ, ಸ್ಟೇ ತರೂಣ.
ವಿನಾಯಕ ಅಂದ: ಮೋಜಣಿ ಮಾಡಸೂಣ.
ಮೋಜಣಿಯವ ಟೇಪು ಹಿಡದು ಮೂರು ಸಲ ಅಳದು
ಟೊಪಗಿ ತಗದು ತಲಿ ಕೆರಕೊಂಡ.
ಗ್ವಾಡಿ ನೆಟ್ಟಗಿಲ್ಲ.
ಬೀದಿ ಕಡೆ ನಮ್ಮದು ಒಂಬತ್ತು, ಹಿತ್ತಲ ಕಡೆ ಐದು,
ನಡುವ ಬಸರಿ ಹೆಣಮಗಳ ಹೊಟ್ಟಿ ಹಂಗ ಉಬ್ಬೇತಿ,
ಆ ಉಬ್ಬು ಯಾರದಂತ ನಕಾಶೆದಾಗ ಬರದಿಲ್ಲ.

ಕಡೀಕ ಕರಾರು.
ಒಡಿಯೂ ಮೊದಲು ಬಲ್ಲಿ ಹಚ್ಚಬೇಕು.
ನಮ್ಮ ಪಾಲಿನ್ಯಾಗ ಬೀಮು ತುರಕಬಾರದು.
ಬಿರಕು ಬಿಟ್ರ ಖರ್ಚು ಅವಂದು.
ಇನ್ನೊಂದು ಬರೀರಿ, ಅಂದೆ:
ಯಾವ ದಿನ ಗ್ವಾಡಿ ಮುಟ್ಟಿದ್ರೂ
ಮೊದಲು ಎರಡು ಏಟು ಬಡದು ಹೇಳಬೇಕು.
ಶೇಂಡಗೆ ನಕ್ಕ. ಬರಕೊಳ್ಳಲಿಲ್ಲ.
ವಿನಾಯಕ ನಗಲಿಲ್ಲ.

ಇವತ್ತು ಎಂಟೂವರೆಗೆ
ಆ ಕಡಿಂದ ಎರಡು ಏಟು.
ಕೂಲಿಯವ ಬಡದನೋ, ಅವನಽ ಬಡದನೋ.
ನನ್ನ ಹೆಂಡ್ತಿ ಚಹಾ ಕೆಳಗಿಟ್ಟು ಎದ್ದು
ಮಾಡದಾಗಿಂದ ಎಣ್ಣಿ ಬಾಟ್ಲಿ, ಉದ್ರಿ ವಹಿ, ಮುರದ ಹಣಗಿ
ಒಂದೊಂದಾಗಿ ತಗದ್ಲು.
ಕುಟ್ಟಾಣಿ ಎಲ್ಲೈತಿ, ಅಂದ್ಲು.